ಆರು ಮಂಚ ಬೆಳ್ಳಿಯದು, ಆರು ಮಂಚ ಅತ್ತೆಯದು

ನಮ್ಮತ್ತೆ ನನ್ನನ್ನು ಒಂದು ದಿನವೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಬೈಯುವುದಿದ್ದರೂ ಬಹುವಚನದಲ್ಲೇ. "ಅಳಿಯಂದಿರೇ, ನೀವು ಬಣ್ಣ ಹೊಡೆದ ಕಿಟಕಿ ನೋಡ್ದೆ. ಪಾಪ, ಅದಕ್ಕೆ ನೆಗಡಿ ಆಗಿರೋ ಹಾಗಿದೆ" ಎನ್ನುತ್ತಾರೆ. ನಾನು ಬಣ್ಣ ಹೊಡೆಯುವವನು. ನನ್ನ ಕೈಯಲ್ಲಿ ಒಂದು ದೋಷವಿದೆ, ಒಪ್ಪಿಕೊಳ್ಳುತ್ತೇನೆ. ಬ್ರಶ್ಶನ್ನು ಕೆಳಗಿನ ಅಂಚಿಗೆ ತಂದು ನಿಲ್ಲಿಸುವಾಗ ಒಂದೇ ಒಂದು ಹನಿ ಇಳಿದು, ಅಲ್ಲೇ ಗಟ್ಟಿಯಾಗಿ ನೇತಾಡುತ್ತದೆ. ಬೇರೆ ಯಾರ ಕಣ್ಣಿಗೂ ಬೀಳದ ಆ ಹನಿ ಅತ್ತೆಯ ಕಣ್ಣಿಗೆ ಹನ್ನೊಂದು ವರ್ಷದಿಂದ ಬೀಳುತ್ತಲೇ ಇದೆ.

ಅತ್ತೆ ದೊಡ್ಡಾಸ್ಪತ್ರೆಯ ನಾಲ್ಕನೇ ವಾರ್ಡಿನಲ್ಲಿ ಗುಡಿಸಿ ಒರೆಸುವ ಕೆಲಸದವರು. ಆಪರೇಷನ್ ಆದವರನ್ನು ಮಲಗಿಸುವ ವಾರ್ಡು ಅದು, ಹನ್ನೆರಡು ಮಂಚ. ಇಪ್ಪತ್ತಾರು ವರ್ಷ ಅದೊಂದೇ ವಾರ್ಡು. ಆಸ್ಪತ್ರೆಯಲ್ಲಿ ಅವರ ಹೆಸರು ಯಾರಿಗೂ ನೆನಪಿಲ್ಲ. ಬಕೆಟ್ಟಮ್ಮ ಎಂದರೆ ಮಾತ್ರ ಗೇಟಿನವನಿಂದ ಹಿಡಿದು ದೊಡ್ಡ ಸರ್ಜನ್ನರವರೆಗೆ ಎಲ್ಲರೂ ಬೆನ್ನು ನೆಟ್ಟಗೆ ಮಾಡುತ್ತಾರೆ. ಅವರದು ಎರಡು ಬಕೆಟ್ಟು, ಏಳು ಬಟ್ಟೆ. ಮಂಚದ ಕಂಬಿಗೆ ಹಳದಿ ಬಟ್ಟೆ, ಊಟದ ಮೇಜಿಗೆ ನೀಲಿ, ಬಾಗಿಲ ಹಿಡಿಗೆ ಬಿಳಿ, ಹೀಗೆ. ಒಂದರ ಬಟ್ಟೆ ಇನ್ನೊಂದಕ್ಕೆ ತಾಗಿತೋ, ಅವತ್ತು ಪ್ರಳಯ. ಒಮ್ಮೆ ದೊಡ್ಡ ಸರ್ಜನ್ನರು ಆಗತಾನೆ ಒರೆಸಿದ ಕಂಬಿಗೆ ಮೊಣಕೈ ಊರಿಕೊಂಡು ರೋಗಿಯ ಜೊತೆ ಮಾತಾಡುತ್ತಿದ್ದರಂತೆ. ಅತ್ತೆ ತುಟಿ ಪಿಟಕ್ಕೆನ್ನದೆ ಅವರ ಮೊಣಕೈ ಎತ್ತಿ ಹಿಡಿದು, ಕಂಬಿ ಒರೆಸಿ, ಆಮೇಲೆ ಮೊಣಕೈಯನ್ನೂ ಒರೆಸಿ ವಾಪಸು ಕೊಟ್ಟರಂತೆ. ಸರ್ಜನ್ನರು "ಥ್ಯಾಂಕ್ಸ್" ಅಂದರಂತೆ. ಅನ್ನದೆ ಏನು ಮಾಡುತ್ತಾರೆ, ಮೊಣಕೈ ಅತ್ತೆಯ ಕೈಯಲ್ಲಿತ್ತಲ್ಲ.

ಮನೆಯಲ್ಲೂ ಅದೇ ಕಥೆ. ನಾನು ಕುರ್ಚಿಯಿಂದ ಎದ್ದ ಕೂಡಲೇ ಕುರ್ಚಿ ಒರೆಸುತ್ತಾರೆ. ಅದಾದರೂ ಸರಿ, ಒಮ್ಮೊಮ್ಮೆ ನಾನು ಕೂತಿರುವಾಗಲೇ ನನ್ನ ಸುತ್ತಮುತ್ತ ಒರೆಸಿ ಮುಗಿಸುತ್ತಾರೆ. ನನ್ನ ಹೆಂಡತಿ ಇದನ್ನೆಲ್ಲ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅವಳು ಹುಟ್ಟಿದಾಗಿನಿಂದ ಒರೆಸಿಸಿಕೊಂಡೇ ಬೆಳೆದವಳು, ಅವಳಿಗೆ ಅಭ್ಯಾಸ.

ಹೀಗಿರುವಾಗ ಆಸ್ಪತ್ರೆಗೆ ಬೆಳ್ಳಿ ಬಂತು. ಬೆಳ್ಳಿ ಎಂದರೆ ತಟ್ಟೆ ಲೋಟ ಅಲ್ಲ. ಯಾವುದೋ ಕಂಪನಿಯವರು ಹೊಸ ಲೇಪನ ಮಾಡಿದ್ದರು. ನೋಡುವುದಕ್ಕೆ ನೀರಿನ ಬಣ್ಣದ ವಾರ್ನಿಶ್, ಒಳಗೆ ಬೆಳ್ಳಿಯ ಅಂಶ. ಮಂಚದ ಕಂಬಿಗೆ ಬಳಿದರೆ ಅದರ ಮೇಲೆ ಕೂತ ಬ್ಯಾಕ್ಟೀರಿಯಾಗಳು ಕೆಲವು ಗಂಟೆಗಳಲ್ಲಿ ತಾವಾಗಿಯೇ ಸಾಯುತ್ತವೆ, ಒಬ್ಬ ರೋಗಿಯ ಕೈಯಿಂದ ಇನ್ನೊಬ್ಬರ ಗಾಯಕ್ಕೆ ಸೋಂಕು ದಾಟುವುದು ಕಡಿಮೆಯಾಗುತ್ತದೆ ಎಂದು ಕಂಪನಿಯವರ ಮಾತು. ಮೊದಲು ನಾಲ್ಕನೇ ವಾರ್ಡಿನಲ್ಲಿ ಒಂದು ಪರೀಕ್ಷೆ, ಗೆದ್ದರೆ ಇಡೀ ಆಸ್ಪತ್ರೆಯ ಮಂಚಗಳಿಗೆ ಬಳಿಯುವುದು ಎಂದಾಯಿತು. ಬಳಿಯುವ ಕೆಲಸ ನನಗೆ ಬಂತು. ಅಷ್ಟು ದೊಡ್ಡ ಕೆಲಸ ನನ್ನ ಜನ್ಮದಲ್ಲಿ ಬಂದಿರಲಿಲ್ಲ, ನೆಲಕ್ಕೆ ಕಾಲು ತಾಗಿಸದೆ ಮನೆಗೆ ಹೋದೆ.

ಅತ್ತೆ ನೀರಿಳಿಸಿದರು. "ಮಂಚಕ್ಕೆ ಬೆಳ್ಳಿನಾ? ನನ್ನ ಮಗಳಿಗೆ ಇವತ್ತಿನ ತನಕ ಒಂದು ಬೆಳ್ಳಿ ಚಮಚ ತಂದುಕೊಡದವರು, ಮಂಚಕ್ಕೆ ಬೆಳ್ಳಿ ಬಳಿಯೋದಕ್ಕೆ ಹೊರಟ್ರಾ ಅಳಿಯಂದಿರು?"

"ಕಂಪನಿಯವರ ಬೆಳ್ಳಿ ಅತ್ತೆ, ನನ್ನದಲ್ಲ."

"ಕ್ರಿಮಿ ತಾನಾಗೇ ಸಾಯತ್ತಂತೆ. ಹಾಗಾದ್ರೆ ನಾನೇನು ಇಷ್ಟು ವರ್ಷ ಅದರ ಜೊತೆ ಆಟ ಆಡ್ತಾ ಇದ್ನಾ?"

ತಮಾಷೆಗೆ ಆಡಿದ ಮಾತಲ್ಲ ಅದು ಎಂದು ಎರಡು ದಿನದಲ್ಲಿ ಗೊತ್ತಾಯಿತು. ಆಸ್ಪತ್ರೆಯ ಆಡಳಿತಾಧಿಕಾರಿ ಅತ್ತೆಯನ್ನು ಕರೆಸಿ, ಪರೀಕ್ಷೆ ಗೆದ್ದರೆ ಮೂರು ವಾರ್ಡಿಗೆ ಒಬ್ಬರೇ ಒರೆಸುವವರು ಸಾಕಾಗುತ್ತದೆ, ಅದಕ್ಕೆ ವಯಸ್ಸಾದ ನೀವು ಬೇಡ, ನಿಮ್ಮನ್ನು ಹಳೇ ಕಡತಗಳ ಕೋಣೆಗೆ ಹಾಕುತ್ತೇವೆ, ಅಲ್ಲಿ ಆರಾಮಾಗಿ ಧೂಳು ಹೊಡೆದುಕೊಂಡು ಇರಬಹುದು ಎಂದು ನಗುನಗುತ್ತಾ ಹೇಳಿದ್ದರು. ಅತ್ತೆಗೆ ನಿವೃತ್ತಿಗೆ ಇನ್ನು ಎರಡೇ ವರ್ಷ. ನಾಲ್ಕನೇ ವಾರ್ಡಿನ ಬಾಗಿಲಿಂದಲೇ ಹೊರಗೆ ಕಾಲಿಡಬೇಕು ಎನ್ನುವುದು ಅವರ ಒಂದೇ ಆಸೆ. ಅವತ್ತು ಮನೆಗೆ ಬಂದು ಅವರು ಏನನ್ನೂ ಒರೆಸಲಿಲ್ಲ. ಸುಮ್ಮನೆ ಕೂತಿದ್ದರು. ಹನ್ನೊಂದು ವರ್ಷದಲ್ಲಿ ಅವರು ಸುಮ್ಮನೆ ಕೂತದ್ದನ್ನು ನಾನು ಕಂಡಿದ್ದು ಅದೇ ಮೊದಲು. ಪರೀಕ್ಷೆ ಗೆದ್ದರೆ ನನಗೆ ಕೆಲಸ, ಅವರಿಗೆ ಕಡತದ ಕೋಣೆ. ಸೋತರೆ ಅವರಿಗೆ ವಾರ್ಡು, ನನಗೆ ಮತ್ತೆ ಕಿಟಕಿಗಳು. ನನ್ನ ಹೆಂಡತಿ ಇಬ್ಬರ ಮುಖವನ್ನೂ ನೋಡಿ, "ಈ ಮನೇಲಿ ಯಾರು ಗೆದ್ರೂ ನನಗೆ ಸೂತಕದ ಮುಖ ನೋಡೋದು ತಪ್ಪಿದ್ದಲ್ಲ" ಎಂದಳು.

ಪರೀಕ್ಷೆಯ ಉಸ್ತುವಾರಿ ಲ್ಯಾಬ್ ಮೇಡಂ ಅವರದು. ಕಡ್ಡಿಯ ಹಾಗಿರುವ ಹೆಣ್ಣುಮಗಳು, ಮಾತು ಕಮ್ಮಿ, ಕನ್ನಡಕ ದೊಡ್ಡದು. ಹನ್ನೆರಡು ಮಂಚಗಳನ್ನೂ ನನ್ನ ಶೆಡ್ಡಿಗೆ ತರಿಸಿದರು. ಚೀಟಿ ಎತ್ತಿ ಆರಕ್ಕೆ ಮಾತ್ರ ಬಳಿಯಲು ಹೇಳಿದರು. ಉಳಿದ ಆರು ಸುಮ್ಮನೆ ಶೆಡ್ಡಿನಲ್ಲಿ ಕೂತು ಹಾಗೇ ವಾಪಸು ಹೋದವು. ಲೇಪನ ಒಣಗಿದ ಮೇಲೆ ಕಣ್ಣಿಗೆ ಕಾಣುವಂಥದ್ದಲ್ಲ. ಯಾವ ಆರು ಎಂದು ಗೊತ್ತಿರುವುದು ಮೇಡಂಗೆ ಮತ್ತು ನನಗೆ. ವಾರ್ಡಿನಲ್ಲಿ ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಗಮನ ಹೋಗಿ ಲೆಕ್ಕ ಎಕ್ಕುಟ್ಟಿಹೋಗುತ್ತದೆ. ದಿನವೂ ಹನ್ನೊಂದು ಗಂಟೆಗೆ ಮೇಡಂ ಬಂದು ಪ್ರತಿ ಕಂಬಿಯ ಮೇಲೂ ಹತ್ತಿ ಕಡ್ಡಿ ಉಜ್ಜಿ, ಅದನ್ನು ಲ್ಯಾಬಿನಲ್ಲಿ ಗಾಜಿನ ತಟ್ಟೆಯ ಜೆಲ್ಲಿಯ ಮೇಲೆ ಸವರಿ, ಬೆಚ್ಚಗೆ ಇಡುತ್ತಾರೆ. ಕಂಬಿಯ ಮೇಲೆ ಬದುಕಿದ್ದ ಬ್ಯಾಕ್ಟೀರಿಯಾ ಆ ಜೆಲ್ಲಿಯಲ್ಲಿ ಮರಿ ಮಾಡಿ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಎಣಿಸಿದರೆ ಯಾವ ಮಂಚ ಶುಚಿ ಎಂದು ಗೊತ್ತಾಗುತ್ತದೆ. ಹದಿನೈದು ದಿನ ಹೀಗೆ.

"ಮನೇಲೂ ಹೇಳಬಾರದು" ಎಂದರು ಮೇಡಂ, ಕನ್ನಡಕದ ಮೇಲಿಂದ ನೋಡಿ.

"ಬಾಯಿಗೆ ಬೀಗ ಹಾಕ್ಕೊಂಡಿದೀನಿ ಮೇಡಂ" ಎಂದೆ.

ಅವತ್ತು ರಾತ್ರಿಯ ಊಟಕ್ಕೆ ಅತ್ತೆ ನನಗೆ ಎರಡನೇ ಸಲ ತಾವಾಗಿಯೇ ಬಡಿಸಿದರು. ನಾನು ಗಾಬರಿಯಾಗಿ ಹೆಂಡತಿಯ ಮುಖ ನೋಡಿದೆ. ಮೂರನೇ ಸಲವೂ ಬಡಿಸಿದರು. ಆಮೇಲೆ ಬಾಗಿಲಿಗೆ ನಾನು ಹೊಡೆದ ಬಣ್ಣ ಈಗ ನೋಡಿದರೆ ಅಷ್ಟೇನೂ ಕೆಟ್ಟದಾಗಿಲ್ಲ ಎಂದರು. ನಾನು ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಅಳಿಯಂದಿರೇ, ಈ ಎರಡನೇ ನಂಬರಿನ ಮಂಚ ಇದೆಯಲ್ಲ..."

"ಅತ್ತೆ, ಹೇಳಬಾರದು ಅಂತ ಆಣೆ ಇದೆ."

"ಅಯ್ಯೋ, ನಾನೇನು ಕೇಳ್ದೆ? ಎರಡನೇ ನಂಬರಿನ ಮಂಚ ಕಿರಕಿರ ಅನ್ನತ್ತೆ, ಎಣ್ಣೆ ಬಿಡಬೇಕು ಅಂತ ಹೇಳೋಕೆ ಬಂದೆ." ಒಂದು ಗಳಿಗೆ ಬಿಟ್ಟು, "ಮೂರನೇದೂ ಕಿರಕಿರ ಅನ್ನತ್ತಾ?" ಎಂದು ನನ್ನ ಹುಬ್ಬನ್ನೇ ನೋಡಿದರು. ನಾನು ಹುಬ್ಬನ್ನೂ ಅಲ್ಲಾಡಿಸದೆ ಊಟ ಮುಗಿಸಿ ಎದ್ದೆ. ಅತ್ತೆ ಕುರ್ಚಿ ಒರೆಸಿದರು, ಈ ಸಲ ಸ್ವಲ್ಪ ಜೋರಾಗಿಯೇ.

ಮಾರನೇ ಸಂಜೆ ಅವರು ಮನೆಗೆ ಬಂದಾಗ ಮುಖದಲ್ಲಿ ಬೇರೆಯೇ ಕಳೆ ಇತ್ತು. ಕೈಕಾಲು ತೊಳೆದುಕೊಂಡು ಬಂದು ನನ್ನ ಎದುರಿಗೆ ಕೂತು, ಒಂದೊಂದೇ ಬೆರಳು ಮಡಚುತ್ತಾ ಹೇಳಿದರು. "ಎರಡು, ಮೂರು, ಐದು, ಎಂಟು, ಒಂಬತ್ತು, ಹನ್ನೆರಡು."

ಆರಕ್ಕೆ ಆರೂ ಸರಿ. "ಯಾರು ಹೇಳಿದ್ದು?"

"ನೀವೇ."

"ನಾನಾ? ನಾನು ಬಾಯೇ ಬಿಟ್ಟಿಲ್ಲ!"

"ಬಾಯಿ ಬಿಟ್ಟಿಲ್ಲ. ಮಂಚದ ಕೆಳಗೆ ಮಲಗಿ ಕೈ ಆಡಿಸಿದೆ. ಆರು ಮಂಚದ ಕಂಬಿ ಕೆಳಗೆ ನಿಮ್ಮ ಹನಿ ನೇತಾಡ್ತಾ ಇದೆ. ಬೆಳ್ಳಿ ಕೊಟ್ರೂ ನೆಗಡಿ ಬಿಡಲಿಲ್ಲ ನೋಡಿ ನಿಮಗೆ."

ಒಬ್ಬ ಬಣ್ಣದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಮೇಡಂಗೆ ಹೋಗಿ ಹೇಳಿಬಿಡಬೇಕಿತ್ತು. ಆದರೆ ಏನೆಂದು ಹೇಳುವುದು, ನನ್ನ ಕೈಯ ಸೋರಿಕೆಯಿಂದ ಗುಟ್ಟು ಸೋರಿತು ಅಂತಲೇ? ಅತ್ತೆ ಗೊತ್ತು ಮಾಡಿಕೊಂಡು ಏನು ಮಹಾ ಮಾಡುತ್ತಾರೆ, ಲೇಪನದ ಮಂಚಗಳನ್ನು ಒರೆಸದೆ ಬಿಟ್ಟಾರು ಅಷ್ಟೇ ಎಂದುಕೊಂಡು ಸುಮ್ಮನಾದೆ. ಅಲ್ಲೇ ನಾನು ಎಡವಿದ್ದು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ನಮ್ಮತ್ತೆ ಅರ್ಥವಾಗಿರಲಿಲ್ಲ. ಒಂದು ಮಂಚವನ್ನು ಬೇಕೆಂದೇ ಕೊಳಕಾಗಿ ಬಿಡುವುದು ಅವರ ಕೈಲಿ ಸಾಧ್ಯವೇ ಇಲ್ಲ. ಅವರು ಬೆಳ್ಳಿಯ ಜೊತೆ ನೇರ ಪಂದ್ಯಕ್ಕೇ ಇಳಿದುಬಿಟ್ಟರು.

ಬೆಳ್ಳಿಯ ಆರು ಮಂಚಕ್ಕೆ ಎಂದಿನಂತೆ ದಿನಕ್ಕೆ ಎರಡು ಸಲ. ಬರೀ ಕಬ್ಬಿಣದ ಆರು ಮಂಚಕ್ಕೆ ಗಂಟೆಗೊಂದು ಸಲ. ಆ ಆರಕ್ಕೆ ಅವರು "ನನ್ನವು" ಎಂದೇ ಹೇಳುತ್ತಿದ್ದರು. ರೋಗಿ ಕಂಬಿ ಹಿಡಿದು ಎದ್ದು ಕೂತರೆ ಸಾಕು, ಕೈ ಬಿಡುವುದರೊಳಗೆ ಹಳದಿ ಬಟ್ಟೆ ಹಾಜರ್. ಏಳನೇ ಮಂಚದಲ್ಲಿ ಹೊಟ್ಟೆಯ ಆಪರೇಷನ್ ಆದ ಒಬ್ಬ ಗಡಿಯಾರ ರಿಪೇರಿಯ ಅಜ್ಜ ಇದ್ದರು. ಅವರು ಪಾಪ, ಹೆದರಿ ಕಂಬಿ ಮುಟ್ಟುವುದನ್ನೇ ಬಿಟ್ಟು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮಲಗುತ್ತಿದ್ದರಂತೆ. ಹತ್ತನೇ ಮಂಚದ ಹೆಂಗಸನ್ನು ನೋಡಲು ಬಂದ ನೆಂಟರಿಗೆ ಅತ್ತೆ ಬಾಗಿಲಲ್ಲೇ, "ಮಾತಾಡಿ, ಅಳಿ, ಏನು ಬೇಕಾದ್ರೂ ಮಾಡಿ, ಕಂಬಿ ಮಾತ್ರ ಮುಟ್ಟಬೇಡಿ" ಎಂದು ತಾಕೀತು ಮಾಡಿ ಒಳಗೆ ಬಿಡುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಬೆರಳುಗಳು ನೀರಿನಲ್ಲಿ ನೆನೆದು ನೆರಿಗೆಗಟ್ಟಿರುತ್ತಿದ್ದವು. ಆದರೂ ಮುಖದಲ್ಲಿ ಹುರುಪು. ನನ್ನನ್ನು ಕಂಡರೆ, "ನಿಮ್ಮ ಬೆಳ್ಳಿ ಹೇಗಿದೆ, ಆರೋಗ್ಯವಾಗಿದೆಯಾ?" ಎಂದು ವಿಚಾರಿಸುತ್ತಿದ್ದರು.

ಒಂದು ವಾರಕ್ಕೆ ಮೊದಲ ಲೆಕ್ಕ ಬಂತು. ಮೇಡಂ ನನ್ನನ್ನು ಲ್ಯಾಬಿಗೆ ಕರೆಸಿದರು. ಅಲ್ಲಿ ಕಂಪನಿಯ ಪ್ರತಿನಿಧಿ ಕೂತಿದ್ದ. ಟೈ ಕಟ್ಟಿಕೊಂಡು ಬರುತ್ತಿದ್ದರಿಂದ ನಾವೆಲ್ಲ ಅವನನ್ನು ಟೈ ಎಂದೇ ಕರೆಯುತ್ತಿದ್ದೆವು. ಅವತ್ತು ಟೈ ಸಡಿಲವಾಗಿತ್ತು, ಮುಖ ಬಿಳಿಚಿಕೊಂಡಿತ್ತು. ಮೇಜಿನ ಮೇಲೆ ಗಾಜಿನ ತಟ್ಟೆಗಳು. ಬೆಳ್ಳಿ ಬಳಿದ ಮಂಚಗಳ ತಟ್ಟೆಯಲ್ಲಿ ನಾಲ್ಕು ಐದು ಚುಕ್ಕೆ. ಏನೂ ಬಳಿಯದ ಮಂಚಗಳ ತಟ್ಟೆಯಲ್ಲಿ ಒಂದು, ಇಲ್ಲವೇ ಸೊನ್ನೆ.

"ಇದು ಹೇಗೆ ಸಾಧ್ಯ ಮೇಡಂ?" ಎಂದ ಟೈ. "ನಮ್ಮ ಲೇಪನ ಬ್ಯಾಕ್ಟೀರಿಯಾನ ಸಾಕ್ತಾ ಇದೆಯಾ?"

ಆಮೇಲೆ ಇಬ್ಬರೂ ಒಟ್ಟಿಗೆ ತಿರುಗಿ ನನ್ನ ಕಡೆ ನೋಡಿದರು. ಟೈ ಬಾಯಿಬಿಟ್ಟು ಕೇಳಿಯೇಬಿಟ್ಟ. "ಏನ್ರೀ, ಡಬ್ಬ ಅಲ್ಲಾಡಿಸಿ ಬಳಿದ್ರಾ? ಬೇರೆ ಮಂಚಕ್ಕೆ ಬಳಿದ್ರಾ? ಬೆಳ್ಳಿ ಬದಲು ಏನಾದ್ರೂ...?"

ನನ್ನ ಕಣ್ಣು ಕೆಂಪಾದವು. ಹನಿ ಬೀಳಿಸುವವನು ಇರಬಹುದು, ಕಳ್ಳನಲ್ಲ. ಆದರೆ ನಿಜ ಹೇಳಿದರೆ ಅತ್ತೆಯ ಕೆಲಸಕ್ಕೆ ಕುತ್ತು, ಹೇಳದಿದ್ದರೆ ನನ್ನ ಕೆಲಸಕ್ಕೆ. ತೊದಲಿದೆ, ಕೆಮ್ಮಿದೆ, ನೀರು ಕೇಳಿದೆ. ಮೇಡಂ ನನ್ನನ್ನೇ ದಿಟ್ಟಿಸಿ ನೋಡಿ, "ನಾಳೆ ಇಡೀ ದಿನ ನಾನೇ ವಾರ್ಡಲ್ಲಿ ಕೂತು ನೋಡ್ತೀನಿ" ಎಂದರು.

ಕೂತರು. ಮೂಲೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ. ಅತ್ತೆ ಅವರಿಗೆ ಕ್ಯಾರೇ ಅನ್ನಲಿಲ್ಲ. ಎರಡು ಸಲ ಸ್ಟೂಲಿನ ಕಾಲನ್ನೂ ಒರೆಸಿದರು. ಸಂಜೆ ಮೇಡಂ ಎದ್ದು ಬಂದು ಪುಸ್ತಕ ತೋರಿಸಿದರು. "ಅಮ್ಮಾ, ಇವತ್ತು ನೀವು ಏಳನೇ ಮಂಚ ಒರೆಸಿದ್ದು ಹದಿಮೂರು ಸಲ. ಎಂಟನೇ ಮಂಚ ಎರಡು ಸಲ. ಯಾಕೆ?"

ಅತ್ತೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಎಂಟಕ್ಕೆ ಬೆಳ್ಳಿ ಇದೆಯಲ್ಲ. ಅದನ್ನ ಅದು ನೋಡ್ಕೊಳ್ಳತ್ತೆ. ಏಳಕ್ಕೆ ನಾನೊಬ್ಬಳೇ ಅಲ್ವಾ ಇರೋದು?"

ಮೇಡಂಗೆ ಸಿಟ್ಟು ಬರುತ್ತದೆ ಎಂದು ವಾರ್ಡಿನ ನರ್ಸುಗಳೆಲ್ಲ ಉಸಿರು ಬಿಗಿಹಿಡಿದಿದ್ದರಂತೆ. ಮೇಡಂ ಮಾತ್ರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನೀವು ಎಲ್ಲಾ ಮಂಚಾನೂ ಒಂದೇ ಸಮ ಒರೆಸಬೇಕು. ದಿನಕ್ಕೆ ಎರಡು ಸಲ. ಬೇರೆ ವಾರ್ಡಿನವರು ಒರೆಸೋ ಹಾಗೆ, ಸಾಧಾರಣವಾಗಿ. ಆಗಲೇ ಲೇಪನದ ನಿಜವಾದ ಗುಣ ಗೊತ್ತಾಗೋದು" ಎಂದರು.

"ಸಾಧಾರಣವಾಗಿ ಅಂದ್ರೆ ಹೇಗೆ?"

ಆಮೇಲೆ ನಡೆದದ್ದನ್ನು ನರ್ಸುಗಳು ಇವತ್ತಿಗೂ ಅಭಿನಯಿಸಿ ತೋರಿಸುತ್ತಾರೆ. ಓದಿ ಡಾಕ್ಟರೇಟ್ ತಗೊಂಡ ಆ ಹೆಣ್ಣುಮಗಳು ಹಳದಿ ಬಟ್ಟೆ ಹಿಡಿದುಕೊಂಡು ನಮ್ಮತ್ತೆಗೆ ಸಾಧಾರಣವಾಗಿ ಒರೆಸುವುದನ್ನು ಕಲಿಸಲು ನಿಂತರು. ಬಟ್ಟೆ ಅದ್ದಿ, ಕಂಬಿಯ ಮೇಲೆ ಆ ಕಡೆಯಿಂದ ಈ ಕಡೆಗೆ ಒಂದು ಸಲ ಸರ್ರನೆ ಎಳೆದು, "ಇಷ್ಟೇ" ಎಂದರು.

"ಕೆಳಗಿನ ಭಾಗ?"

"ಸಾಧಾರಣವಾಗಿ ಕೆಳಗಿನ ಭಾಗ ಯಾರೂ ಒರೆಸಲ್ಲ ಅಮ್ಮಾ."

ಅತ್ತೆ ಎದೆ ಮುಟ್ಟಿಕೊಂಡರಂತೆ. ಆದರೂ ಬಟ್ಟೆ ತಗೊಂಡರು. ಒಂದು ಸಲ ಎಳೆದರು. ಕೈ ತಾನಾಗಿಯೇ ವಾಪಸು ಬಂತು. "ಇಲ್ಲ, ಒಂದೇ ಸಲ" ಎಂದರು ಮೇಡಂ. ಎರಡನೇ ಪ್ರಯತ್ನದಲ್ಲಿ ಕೈ ನಿಂತಿತು, ಆದರೆ ಮೂಲೆಗೆ ಬಂದಾಗ ಹೆಬ್ಬೆರಳು ಸದ್ದಿಲ್ಲದೆ ಸಂದಿಗೆ ನುಗ್ಗಿತು. "ಹೆಬ್ಬೆರಳು!" ಎಂದು ಮೇಡಂ ಕೂಗಿದರು. ಮೂರನೇ ಸಲ ಅತ್ತೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಒರೆಸಿದರು. ಅಷ್ಟು ಹೊತ್ತಿಗೆ ಅವರ ಹಣೆಯಲ್ಲಿ ಬೆವರು. ಏಳನೇ ಮಂಚದ ಅಜ್ಜ ಮಲಗಿದಲ್ಲಿಂದಲೇ, "ಬಿಡಿ ಮೇಡಂ, ಆಗೋ ಕೆಲಸ ಅಲ್ಲ ಅದು" ಎಂದರಂತೆ.

ನಿಜಕ್ಕೂ ಆಗಲಿಲ್ಲ. ಎರಡು ದಿನ ಅತ್ತೆ ಸಾಧಾರಣವಾಗಿರಲು ಹೆಣಗಾಡಿ, ಮೂರನೇ ದಿನ ಊಟದ ವಿರಾಮದಲ್ಲಿ ಕಳ್ಳರ ಹಾಗೆ ಬಂದು ಹನ್ನೆರಡು ಮಂಚದ ಕೆಳಭಾಗವನ್ನೂ ಒರೆಸುತ್ತಾ ಸಿಕ್ಕಿಬಿದ್ದರು. ಮೇಡಂ ಆಡಳಿತಾಧಿಕಾರಿಗೆ ಹೇಳಿ ಅತ್ತೆಗೆ ಹದಿನೈದು ದಿನ ರಜೆ ಕೊಡಿಸಿದರು. ಕಡ್ಡಾಯ ರಜೆ. ಅತ್ತೆಯ ಜಾಗಕ್ಕೆ ಬೇರೆ ವಾರ್ಡಿನಿಂದ ಒಬ್ಬಳನ್ನು ಹಾಕಿದರು. ಪರೀಕ್ಷೆ ಮೊದಲಿನಿಂದ ಶುರುವಾಯಿತು.

ಇನ್ನು ನಮ್ಮ ಮನೆಯ ಪಾಡು. ಇಪ್ಪತ್ತಾರು ವರ್ಷದಲ್ಲಿ ಅತ್ತೆ ಹದಿನೈದು ದಿನ ಸತತವಾಗಿ ಮನೆಯಲ್ಲಿ ಇದ್ದದ್ದಿಲ್ಲ. ಮೊದಲ ದಿನ ನೆಲ, ಎರಡನೇ ದಿನ ಗೋಡೆ, ಮೂರನೇ ದಿನ ನನ್ನ ಬಣ್ಣದ ಡಬ್ಬಗಳು. ಡಬ್ಬದ ಮೇಲಿನ ಚೀಟಿಗಳನ್ನೂ ತಿಕ್ಕಿ ತೆಗೆದದ್ದರಿಂದ ಯಾವುದರಲ್ಲಿ ಯಾವ ಬಣ್ಣ ಇದೆ ಎಂದು ನನಗೇ ಗೊತ್ತಾಗದೆ ಒಬ್ಬ ಗಿರಾಕಿಯ ಹಸಿರು ಗೇಟು ಅರ್ಧ ಕಂದು ಆಯಿತು. ನಾಲ್ಕನೇ ದಿನ ನನ್ನ ಹಳೆಯ ಬ್ರಶ್ಶುಗಳನ್ನು ಕುದಿಸಿದರು. ಆರನೇ ದಿನ ಕಿಟಕಿಯ ಆ ಹನಿಯನ್ನು ಚಾಕುವಿನಿಂದ ಕೆರೆದು ತೆಗೆದು, ತಟ್ಟೆಯಲ್ಲಿಟ್ಟು ನನಗೆ ತಂದು ತೋರಿಸಿದರು. ನನ್ನ ಹೆಂಡತಿ ಅವತ್ತು ನಗಲಿಲ್ಲ.

"ರೀ, ಅಮ್ಮ ಸರಿಯಾಗಿ ಊಟ ಮಾಡ್ತಾ ಇಲ್ಲ" ಎಂದಳು.

ನಾನೂ ನೋಡಿದ್ದೆ. ಸಂಜೆಯಾದರೆ ಕಿಟಕಿಯ ಹತ್ತಿರ ನಿಂತು ಆಸ್ಪತ್ರೆಯ ದಿಕ್ಕಿಗೆ ಮುಖ ಮಾಡುತ್ತಿದ್ದರು. ಒಂದು ದಿನ ನಾನು ಹತ್ತಿರ ಹೋಗಿ, ಏನು ಯೋಚನೆ ಅತ್ತೆ ಎಂದೆ.

"ಆ ಹುಡುಗಿ ಹಿಂಡೋ ನೀರು ಬದಲಾಯಿಸ್ತಾಳೋ ಇಲ್ವೋ" ಎಂದರು. ಅಷ್ಟೇ. ಕಡತದ ಕೋಣೆಯ ಮಾತು ಎತ್ತಲಿಲ್ಲ. ಆದರೆ ಅವರ ತಲೆಯಲ್ಲಿ ಅದೂ ಇತ್ತು ಎಂದು ನನಗೆ ಗೊತ್ತು. ತಮ್ಮ ಏಳು ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದರು. ವಾರ್ಡಿನಿಂದ ತೆಗೆದರೆ ಅವನ್ನು ಅಲ್ಲಿ ಬಿಟ್ಟು ಬರುವುದಿಲ್ಲ ಎಂದು ಮಗಳ ಹತ್ತಿರ ಹೇಳಿದ್ದರಂತೆ.

ಹದಿನಾರನೇ ದಿನ ಬೆಳಿಗ್ಗೆ ಲ್ಯಾಬಿನಲ್ಲಿ ಸಭೆ. ಆಡಳಿತಾಧಿಕಾರಿ, ಟೈ, ಮೇಡಂ, ನಾನು. ಅತ್ತೆಯನ್ನೂ ಕರೆಸಿದ್ದರು. ಚೀಲ ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕೂರುವ ಮೊದಲು ಕುರ್ಚಿ ಒರೆಸಿದ್ದರು ಎನ್ನುವುದನ್ನು ಬೇರೆ ಹೇಳಬೇಕಿಲ್ಲ. ಮೇಡಂ ಮೇಜಿನ ಮೇಲೆ ನಾಲ್ಕು ಗುಂಪು ತಟ್ಟೆ ಜೋಡಿಸಿದ್ದರು.

"ಇವೆರಡು ಬಕೆಟ್ಟಮ್ಮ ಇದ್ದಾಗಿನವು" ಎಂದರು. ಬೆಳ್ಳಿಯದರಲ್ಲಿ ನಾಲ್ಕೈದು ಚುಕ್ಕೆ, ಬರೀ ಮಂಚದ್ದರಲ್ಲಿ ಒಂದೋ ಸೊನ್ನೆಯೋ. "ಇವೆರಡು ಅವರು ಇಲ್ಲದಾಗ." ಬೆಳ್ಳಿಯದರಲ್ಲಿ ಮೂವತ್ತು ನಲವತ್ತು ಚುಕ್ಕೆ. ಬರೀ ಮಂಚದ ತಟ್ಟೆಯಲ್ಲಿ ಚುಕ್ಕೆಗಳೇ ಇರಲಿಲ್ಲ, ಎಲ್ಲ ಒಂದಕ್ಕೊಂದು ಸೇರಿ ಹಳದಿ ಬಿಳಿ ಕೆನೆಯಾಗಿ ತಟ್ಟೆ ತುಂಬಾ ಹರಡಿಕೊಂಡಿದ್ದವು.

ಟೈಯ ಮುಖ ಅರಳಿತು. "ನೋಡಿ, ನೋಡಿ! ನಮ್ಮ ಲೇಪನ ಎಷ್ಟು ಕೆಲಸ ಮಾಡಿದೆ!"

"ಮಾಡಿದೆ" ಎಂದರು ಮೇಡಂ. "ಆದರೆ ಸರಿಯಾಗಿ ಒರೆಸದೆ ಇದ್ರೆ ಅದರ ಮೇಲೂ ಕೊಳೆ ಕೂತು ಬೆಳ್ಳಿ ಕ್ರಿಮಿಗೆ ತಾಗೋದೇ ಇಲ್ಲ. ನಲವತ್ತು ಚುಕ್ಕೆ ನಂಬಿಕೊಂಡು ಒರೆಸೋರನ್ನ ತೆಗೆಯೋಕಾಗಲ್ಲ." ಆಡಳಿತಾಧಿಕಾರಿ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟರು.

ಅತ್ತೆ ಎದ್ದು ಮೇಜಿನ ಹತ್ತಿರ ಬಂದರು. ಆ ಕೆನೆಗಟ್ಟಿದ ತಟ್ಟೆಯನ್ನು ಬಗ್ಗಿ ನೋಡಿದರು. ಗೆದ್ದವರ ಮುಖವಾಗಿರಲಿಲ್ಲ ಅದು. ನಾನು ಅವರ ಗೆದ್ದ ಮುಖವನ್ನು ದಿನವೂ ನೋಡುವವನು, ನನಗೆ ಗೊತ್ತು.

"ಇದು ಎಷ್ಟನೇ ನಂಬರು?"

"ಏಳು ಅಮ್ಮಾ."

"ಏಳರಲ್ಲಿ ಗಡಿಯಾರದ ಅಜ್ಜ ಇದಾರೆ."

"ಅವರು ಚೆನ್ನಾಗಿದಾರೆ. ಯಾರಿಗೂ ಸೋಂಕು ಆಗಿಲ್ಲ. ದಿನಾ ನೋಡ್ತಾನೇ ಇದ್ವಿ."

"ಹೊಟ್ಟೆಗೆ ಹೊಲಿಗೆ ಹಾಕಿರೋ ಮನುಷ್ಯ, ಇದನ್ನ ಹಿಡ್ಕೊಂಡು ಎದ್ದು ಕೂತಿದಾರೆ. ಹದಿನೈದು ದಿನ. ನಾನು ಮನೇಲಿ ಕೂತು ಅಳಿಯಂದಿರ ಬ್ರಶ್ಶು ಕುದಿಸ್ತಾ ಇದ್ದೆ." ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಆಡಳಿತಾಧಿಕಾರಿ ಬಾಯಿ ತೆರೆದದ್ದು ಹಾಗೇ ಇತ್ತು.

ತೀರ್ಮಾನವನ್ನು ನಾನು ಕೇಳಿಕೊಂಡೆ. ಎಲ್ಲಾ ವಾರ್ಡುಗಳ ಮಂಚಕ್ಕೂ ಲೇಪನ, ಕೆಲಸ ನನಗೆ. ಒರೆಸುವವರನ್ನು ಎಲ್ಲಿಂದಲೂ ತೆಗೆಯುವ ಹಾಗಿಲ್ಲ. ಬಕೆಟ್ಟಮ್ಮ ನಿವೃತ್ತಿಯಾಗುವ ತನಕ ನಾಲ್ಕನೇ ವಾರ್ಡಿನಲ್ಲೇ. ನಾಲ್ಕನೇ ವಾರ್ಡಿನ ಉಳಿದ ಆರು ಮಂಚಗಳಿಗೆ ಮಾತ್ರ ಅವರು ಒಪ್ಪಿದರೆ ಬಳಿಯಿರಿ, ಇಲ್ಲದಿದ್ದರೆ ಅವರ ತಂಟೆಗೆ ಹೋಗಬೇಡಿ ಎಂದು ಮೇಡಂ ನಗುತ್ತಾ ಹೇಳಿದರು. ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ವಾರ್ಡಿಗೆ ಓಡಿದೆ.

ಅತ್ತೆ ಆಗಲೇ ಏಳನೇ ಮಂಚದ ಹತ್ತಿರ ಮಂಡಿಯೂರಿ ಕೂತು ಕಂಬಿಯ ಕೆಳಭಾಗ ಉಜ್ಜುತ್ತಿದ್ದರು. ಅಜ್ಜ ಶಿಸ್ತಾಗಿ ಎರಡೂ ಕೈ ಮೇಲೆತ್ತಿ ಮಲಗಿದ್ದರು. ಇಷ್ಟು ಹೊತ್ತು ಬಾರದ ಅಳು ನನಗೆ ಅಲ್ಲಿ ಬಂತು. ಅತ್ತೆಯ ಮೇಲೆ ಪ್ರೀತಿ ಉಕ್ಕಿತು ಎಂದು ಬರೆಯುವುದಕ್ಕೆ ಅಳಿಯನಾದವನಿಗೆ ನಾಚಿಕೆಯಾಗುತ್ತದೆ, ಆದರೆ ಉಕ್ಕಿದ್ದು ನಿಜ.

"ಅತ್ತೆ, ವಾರ್ಡು ನಿಮಗೇ ಇದೆ. ಎಲ್ಲೂ ಕಳಿಸಲ್ಲವಂತೆ. ಕೊನೇ ದಿನದ ತನಕ."

"ಹೂಂ" ಎಂದರು, ತಲೆ ಎತ್ತದೆ. ಉಜ್ಜುವುದು ನಿಲ್ಲಲಿಲ್ಲ.

ಇಷ್ಟು ದಿನ ಇದಕ್ಕಾಗಿಯೇ ಬೆರಳು ಸವೆಸಿಕೊಂಡವರು, ಹೂಂ ಎಂದರೆ ಹೇಗೆ? ಕಿವಿಗೆ ಬಿದ್ದಿಲ್ಲವೇನೋ ಎಂದುಕೊಂಡು ಇನ್ನೊಂದು ಸಲ ಹೇಳಿದೆ.

"ಕೇಳಿಸ್ತು. ಎರಡು ವರ್ಷ ಅಂತ ತಾನೇ?" ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದರು. ನಿಧಾನಕ್ಕೆ ಕಂಬಿ ಹಿಡಿದು ಎದ್ದರು. ಅವರು ಒರೆಸಿದ ಕಂಬಿಯನ್ನು ಅವರೇ ಹಿಡಿದದ್ದನ್ನು ನಾನು ಅವತ್ತು ನೋಡಿದೆ. "ಈ ನನ್ನ ಆರು ಮಂಚಕ್ಕೆ ಯಾವಾಗ ಬಳಿತೀರಾ?"

"ನಿಮ್ಮವಕ್ಕಾ? ಅವಕ್ಕೆ ನೀವಿದ್ದೀರಲ್ಲ ಅತ್ತೆ. ಬೆಳ್ಳಿಗಿಂತ ನೀವೇ ಮೇಲು ಅಂತ ತಟ್ಟೇನೇ ಹೇಳ್ತಲ್ಲ."

"ನಾನಿಲ್ಲದಾಗಿನ ಏಳನೇ ನಂಬರಿನ ತಟ್ಟೆ ನೋಡಲಿಲ್ವಾ ನೀವು?" ಎಂದರು. ಅಜ್ಜನ ಹೊದಿಕೆಯನ್ನು ಎಳೆದು ಸರಿಮಾಡಿದರು. ಆಮೇಲೆ ಮಂಚದ ಚಕ್ರದ ಬ್ರೇಕನ್ನು ಕಾಲಲ್ಲೇ ತಟ್ಟಿ ತೋರಿಸಿ, "ಎಂಟು ಖಾಲಿ ಇದೆ, ಅಜ್ಜನ್ನ ಅಲ್ಲಿ ಮಲಗಿಸ್ತೀನಿ, ಇದನ್ನೇ ಮೊದಲು ತಗೊಂಡು ಹೋಗಿ. ಎರಡು ಕೋಟ್ ಹೊಡೀರಿ ಅಳಿಯಂದಿರೇ. ಎರಡು ವರ್ಷ ಆದ್ಮೇಲೆ ಒರೆಸೋಕೆ ನಾನಿರಲ್ಲ" ಎಂದರು.